ಶಿವನಂಜಯ್ಯನ ಮೀನು ಊಟ ಬಿಟ್ಟಿದ್ದು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ಶಿವನಂಜಯ್ಯ ಮುಂಗೋಪಿ. ಊರು ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಅಪ್ಪ ತೀರಿಕೊಂಡ ಮೇಲೆ, ಕೊಯಮತ್ತೂರಿಗೆ ಹೋಗಿ ಒಬ್ಬ ತಮಿಳು ಮೇಸ್ತ್ರಿಯ ಕೈಕೆಳಗೆ ಬೈಸಿಕೊಂಡು ಕೆಲಸ ಕಲಿತವನು. ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ವಾಪಸು ಬಂದು, ಮನೆಯ ಬೀದಿ ಕಡೆಯ ಕೋಣೆಯನ್ನು ಅಂಗಡಿ ಮಾಡಿಕೊಂಡ. ಹಿಂದಿನ ಭಾಗದಲ್ಲಿ ತಾಯಿ ಚನ್ನಾಜಮ್ಮ, ಹೆಂಡತಿ ಮಾದೇವಮ್ಮ ಮತ್ತು ಅವನು. ಒಬ್ಬಳೇ ಮಗಳನ್ನು ಮೈಸೂರಿಗೆ ಕೊಟ್ಟಿದ್ದರು.

ನಿಂತ ಗಡಿಯಾರ ಏಕೆ ನಿಂತಿತೆಂದು ತಿಳಿಯುವವರೆಗೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ. ಅಂಥ ದಿನ ಮಾದೇವಮ್ಮ ಮುದ್ದೆಯ ತಟ್ಟೆ ಮುಂದಿಟ್ಟು ಮಾತಾಡದೆ ಒಳಗೆ ಹೋಗುತ್ತಿದ್ದಳು. ಅಲಾರಂ ಹೊಡೆಯದ ಗಡಿಯಾರಕ್ಕೆ ಅವನು ಬೈಯುವುದನ್ನು ಕೇಳಲೆಂದೇ ಪಕ್ಕದ ಸೈಕಲ್ ಅಂಗಡಿಯವರು ಬಂದು ನಿಲ್ಲುವುದಿತ್ತು.

ಇಂಥವನ ಕೈಗೆ ಮೀನು ಸಿಕ್ಕಿದ್ದು ಮುತ್ತಯ್ಯನಿಂದ. ಮುತ್ತಯ್ಯ ಲಾರಿ ಡ್ರೈವರು, ಚಿಕ್ಕಂದಿನ ಗೆಳೆಯ. ಬೆಲ್ಲ ಹೇರಿಕೊಂಡು ಕೇರಳದ ಕಡೆ ಹೋಗಿ ತೆಂಗಿನಕಾಯಿ ಹೇರಿಕೊಂಡು ಬರುತ್ತಿದ್ದ. ಅರವತ್ತರ ದಶಕದ ಕೊನೆಯ ಒಂದು ಬೇಸಗೆಯಲ್ಲಿ ಅವನು ಅಲ್ಯೂಮಿನಿಯಂ ಕ್ಯಾರಿಯರ್ ಒಂದನ್ನು ತಂದು ಅಂಗಡಿಯ ಮೇಜಿನ ಮೇಲಿಟ್ಟ. ಊಟ ಇರಬಹುದೆಂದು ಶಿವನಂಜಯ್ಯ ಮುಚ್ಚಳ ತೆಗೆದರೆ, ಒಳಗಿನ ನೀರಿನಲ್ಲಿ ಬೆರಳುದ್ದದ ಮೀನೊಂದು ಅವನ ಕಡೆಗೇ ನೋಡುತ್ತಿತ್ತು. ಹಸಿರು ಹಳದಿ ಬೆನ್ನು, ಅದರ ಮೇಲೆ ಕಪ್ಪು ಚುಕ್ಕೆ, ಬೆಳ್ಳಗಿನ ಹೊಟ್ಟೆ. ಕಣ್ಣು ಮಾತ್ರ ಮೀನಿನದಲ್ಲ; ಎರಡೂ ಬೇರೆ ಬೇರೆ ಕಡೆ ತಿರುಗುತ್ತಿದ್ದವು. ಮುತ್ತಯ್ಯ ಅದನ್ನು ಅಂಗೈಗೆ ತೆಗೆದುಕೊಂಡದ್ದೇ ತಡ, ಗಾಳಿ ನುಂಗಿ ನಿಂಬೆಹಣ್ಣಿನಂತೆ ಉಬ್ಬಿಬಿಟ್ಟಿತು. ನೀರಿಗೆ ಬಿಟ್ಟಾಗ ಬುಸ್ ಎಂದು ಇಳಿಯಿತು. ನದಿ ಸಮುದ್ರ ಸೇರುವ ಕಡೆಯ ಮೀನು, ವಿಷವಾದ್ದರಿಂದ ಅಲ್ಲಿಯವರೂ ತಿನ್ನುವುದಿಲ್ಲ, ಬಲೆಗೆ ಬಿದ್ದರೆ ಎಸೆಯುತ್ತಾರೆ, ನೀರಿಗೆ ಒಂದಿಷ್ಟು ಕಲ್ಲುಪ್ಪು ಹಾಕಿಡು ಎಂದು ಹೇಳಿ ಮುತ್ತಯ್ಯ ಹೊರಟುಹೋದ.

ಲಿಂಗ ಕಟ್ಟಿದ ಮನೆಗೆ ಮೀನು ಬಂದಿತೆಂದು ಚನ್ನಾಜಮ್ಮ ರೇಗಾಡಿದಳು. ತಿನ್ನುವ ಮೀನಲ್ಲ, ವಿಷದ ಮೀನು ಎಂದು ಮಗ ಹೇಳಿದ ಮೇಲೆ ಅವಳ ಸಿಟ್ಟು ಸ್ವಲ್ಪ ಇಳಿಯಿತು. ಕೊನೆಗೆ, ಅಂಗಡಿಯ ಹೊಸಲು ದಾಟಿ ಒಳಗೆ ಬರಕೂಡದು ಎಂಬ ಕಟ್ಟಳೆಯ ಮೇಲೆ ಮೀನು ಉಳಿಯಿತು. ಶಿವನಂಜಯ್ಯ ಹಳೆಯ ಷೋಕೇಸಿನ ಗಾಜುಗಳನ್ನು ಕಬ್ಬಿಣದ ಚೌಕಟ್ಟಿಗೆ ಕೂರಿಸಿ, ಸಂದಿಗೆ ಅರಗು ಮೆತ್ತಿ ಒಂದು ತೊಟ್ಟಿ ಮಾಡಿದ. ಮೀನಿಗೆ ಗುಂಡ ಎಂದು ಹೆಸರಿಟ್ಟ.

ಗುಂಡ ಅನ್ನ ಮುಟ್ಟಲಿಲ್ಲ, ಪುರಿ ಮುಟ್ಟಲಿಲ್ಲ. ಹಿಂದಿನ ಬೀದಿಯ ರೇಷ್ಮೆ ಬಿಚ್ಚುವ ಮನೆಯಲ್ಲಿ, ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಬೆಂದ ಹುಳುವನ್ನು ಕೋಳಿಗೆ ಹಾಕುತ್ತಿದ್ದರು. ಅದರಲ್ಲಿ ಒಂದು ಹಿಡಿ ತಂದು ಹಾಕಿದ. ಮೀನು ಒಂದೇ ಬಾಯಿಗೆ ಎಳೆದುಕೊಂಡಿತು. ಹೇಗೂ ಸತ್ತಿರುವ ಹುಳು, ನಾನೇನೂ ಸಾಯಿಸಿದ್ದಲ್ಲ ಎಂದು ಅವನು ಹೇಳಿದ್ದಕ್ಕೆ ತಾಯಿ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಅಂದಿನಿಂದ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದರೆ ಗುಂಡ ಗಾಜಿಗೆ ಮೂತಿ ಹಚ್ಚಿ ಕಾಯುತ್ತಿತ್ತು. ಶಿವನಂಜಯ್ಯ ಈ ಕಡೆ ನಡೆದರೆ ಈ ಕಡೆ, ಆ ಕಡೆ ನಡೆದರೆ ಆ ಕಡೆ. ಊಟ ತಡವಾದರೆ ಮೇಲೆ ಬಂದು ಅವನ ಮೇಜಿಗೆ ನೀರು ಉಗುಳುತ್ತಿತ್ತು. ಬಿಡಿ ಭಾಗಗಳ ಮೇಲೆ ಯಾರಾದರೂ ಉಸಿರು ಬಿಟ್ಟರೂ ಸಹಿಸದವನು ಅದು ಉಗುಳಿದ ನೀರನ್ನು ಒರೆಸಿ ಸುಮ್ಮನಾಗುತ್ತಿದ್ದ. ಹೀಗೇ ವರ್ಷದ ಮೇಲಾಯಿತು. ಗುಂಡ ಅಂಗೈ ಅಗಲ ಬೆಳೆಯಿತು.

ಆಮೇಲೆ ಒಂದು ದಿನ ಊಟ ಬಿಟ್ಟಿತು.

ಮೊದಲ ದಿನ ಅವನು ಗಮನಿಸಲಿಲ್ಲ. ಮಾರನೆಯ ದಿನ ತೊಟ್ಟಿಯ ತಳದಲ್ಲಿ ಹುಳುಗಳು ಹಾಗೇ ಬಿದ್ದಿದ್ದವು. ಹೊಸದಾಗಿ ಒಂದನ್ನು ಹಾಕಿ ನೋಡಿದ. ಗುಂಡ ಎಂದಿನಂತೆ ಓಡಿ ಬಂದು ಬಾಯಿ ಹಾಕಿತು, ಆದರೆ ತಕ್ಷಣವೇ ಉಗುಳಿತು. ಮತ್ತೆ ಬಾಯಿ ಹಾಕಿತು, ಮತ್ತೆ ಉಗುಳಿತು. ಆಮೇಲೆ ಮೂಲೆಗೆ ಹೋಗಿ ಗಾಜಿಗೆ ಬೆನ್ನು ಮಾಡಿಕೊಂಡು ನಿಂತಿತು.

ಹುಳು ಹಳಸಿರಬೇಕೆಂದು ಶಿವನಂಜಯ್ಯ ಬಿಸಿ ಆರದ ಹೊಸ ಹುಳು ತಂದ. ಉಗುಳಿತು. ನೀರು ಕೆಟ್ಟಿರಬೇಕೆಂದು ತೊಟ್ಟಿ ತೊಳೆದು ಬಾವಿಯ ನೀರು ತುಂಬಿದ. ಉಗುಳಿತು. ಉಪ್ಪು ಜಾಸ್ತಿ ಮಾಡಿದ, ಆಮೇಲೆ ಕಮ್ಮಿ ಮಾಡಿದ. ಹುಳುವನ್ನು ಬ್ಲೇಡಿನಲ್ಲಿ ಚೂರು ಚೂರು ಮಾಡಿದ. ಸೈಕಲ್ ಅಂಗಡಿಯವರು ಎರೆಹುಳು ಅಗೆದು ಕೊಟ್ಟರು. ಅದನ್ನು ಮುಟ್ಟಲಾರದೆ ಚಿಮಟದಲ್ಲಿ ಹಿಡಿದು ನೀರಿಗೆ ಇಳಿಬಿಟ್ಟ. ಗುಂಡ ಅದನ್ನು ಎಳೆದುಕೊಂಡು, ತುಸು ಹೊತ್ತು ಬಾಯಲ್ಲಿ ಒದ್ದಾಡಿಸಿ, ಇಡಿಯಾಗಿ ಹೊರಗೆ ಬಿಟ್ಟಿತು. ಬೇಡವೆಂದರೆ ಬರಲೇಬಾರದಿತ್ತು. ಆಸೆಯಿಂದ ಬಂದು, ಬಾಯಿಗೆ ತೆಗೆದುಕೊಂಡು ಉಗುಳುವುದು ಅವನ ತಲೆ ಕೆಡಿಸಿತು.

ಗಿರಾಕಿಗಳು ಗೊಣಗತೊಡಗಿದರು. ಅಜ್ಜೀಪುರದಿಂದ ಗೋಡೆ ಗಡಿಯಾರ ಕೇಳಲು ಬಂದ ರೈತರೊಬ್ಬರು, ಮೂರನೇ ಸಲ ಬಸ್ಸು ಹತ್ತಿ ಬಂದಿದ್ದೇನೆ, ನೀವು ನೋಡಿದರೆ ಮೀನಿನ ಮುಂದೆ ಕೂತಿದ್ದೀರಿ ಎಂದು ಜಗಳ ತೆಗೆದರು. ಶಿವನಂಜಯ್ಯ ಅವರ ಗಡಿಯಾರವನ್ನು ಬಿಚ್ಚಿದ ಸ್ಥಿತಿಯಲ್ಲೇ ಬಟ್ಟೆಯಲ್ಲಿ ಕಟ್ಟಿ ವಾಪಸು ಕೊಟ್ಟುಬಿಟ್ಟ. ಹಾಗೆ ಮಾಡಿದ್ದು ಅದೇ ಮೊದಲು. ಅವರು ಹೋದ ಮೇಲೆ ತನ್ನ ಮೇಲೇ ಸಿಟ್ಟು ಬಂದು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಒಳಗಿನಿಂದ ಬಂದ ಮಾದೇವಮ್ಮ ಹೊಸಲಿನ ಆಚೆಯೇ ನಿಂತು, "ಅದೊಂದು ಊಟ ಬುಡ್ತು ಅಂತ ನೀವೂ ಬುಟ್ಟು ಕುಂತ್ಕಂಡ್ರೆ ನಾನು ಯಾರ್ ಯಾರ್‌ಗೆ ಉಣ್ಸಕ್ಕಾದದು?" ಎಂದಳು.

"ಬಾಯ್‌ಗೆ ತಕತದೆ, ಉಗೀತದೆ. ಯಾಕೆ ಅಂತ ತಿಳುದ್ರೆ ಸಾಕು, ಆಮೇಲೆ ಸಾಯ್ಲಿ ಬೇಕಾದ್ರೆ," ಎಂದ ಶಿವನಂಜಯ್ಯ.

ಅವನು ಹಾಗೆ ಅಂದದ್ದು ಸುಳ್ಳೆಂದು ಅವಳಿಗೂ ಗೊತ್ತಿತ್ತು.

ದನದ ಆಸ್ಪತ್ರೆಯ ಡಾಕ್ಟರು ಒಳ್ಳೆಯವರು. ಗಡಿಯಾರ ರಿಪೇರಿಗೆ ಬಂದಾಗ ತೊಟ್ಟಿಯ ಮುಂದೆ ಬಗ್ಗಿ ಬಹಳ ಹೊತ್ತು ನೋಡಿ, ದನ ಕುರಿಯಾದರೆ ಹೇಳಬಲ್ಲೆ, ಮೀನಿನ ವಿಷಯ ಓದಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಹೊಟ್ಟೆಯಲ್ಲಿ ಜಂತು ಇರಬಹುದೇನೋ ಎಂದು ಒಂದು ಪುಡಿ ಕೊಟ್ಟರು. ಪುಡಿ ಹಾಕಿದ ದಿನ ನೀರು ಹಾಲಿನಂತಾಯಿತು. ಗುಂಡ ಮೇಲಕ್ಕೆ ಬಂದು ಬಾಯಿ ಬಾಯಿ ಬಿಟ್ಟಿತು. ಶಿವನಂಜಯ್ಯ ಗಾಬರಿಯಿಂದ ಬಕೆಟ್ಟುಗಟ್ಟಲೆ ನೀರು ಎತ್ತಿ ಚೆಲ್ಲಿದ. ಬಾವಿಯಿಂದ ಹೊಸ ನೀರು ಸೇದಿ ಸೇದಿ ರಟ್ಟೆ ಬಿದ್ದುಹೋಯಿತು. ಸಂಜೆಗೆ ಗುಂಡ ಹೇಗಿತ್ತೋ ಹಾಗೇ ಇತ್ತು, ಬಾಯಿ ಹಾಕುತ್ತಿತ್ತು, ಉಗುಳುತ್ತಿತ್ತು.

ಉಂಡೆಯಂತಿದ್ದ ಹೊಟ್ಟೆ ಒಳಕ್ಕೆ ಹೋಯಿತು. ಬೆನ್ನಿನ ಚುಕ್ಕೆಗಳು ಮಂಕಾದವು. ಗಾಜಿನ ಹತ್ತಿರ ಬರುವುದೂ ನಿಂತಿತು. ಕಡೆಗೆ ಒಂದು ಬೆಳಿಗ್ಗೆ ಶಿವನಂಜಯ್ಯ, ಇನ್ನು ಈ ಅವಸ್ಥೆ ನೋಡಲಾರೆ, ಕಾವೇರಿಗೆ ಬಿಟ್ಟು ಬರುತ್ತೇನೆ ಎಂದು ಎದ್ದ. ಅಡುಗೆಮನೆಯಿಂದ ಟೀ ಸೋಸುವ ಜಾಲರಿ ತಂದು ಗುಂಡನನ್ನು ಎತ್ತಿದ. ಎತ್ತಿದೊಡನೆ ಅದು ಉಬ್ಬಿತು. ಅಷ್ಟು ಬಡಕಲಾಗಿದ್ದರೂ ಉಬ್ಬಿತು. ಉಬ್ಬಿದ ಮೀನಿನ ಬಾಯಿ ಅವನ ಕಡೆಗೆ ತಿರುಗಿ ತುಟಿಗಳು ಅಗಲವಾಗಿ ತೆರೆದವು.

ಅವನು ಜಾಲರಿಯನ್ನು ನೀರಿಗೆ ಇಳಿಸಿ, ಹಣೆಯ ಮೇಲಕ್ಕೆ ಸರಿಸಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಎಳೆದುಕೊಂಡು ಮತ್ತೆ ಎತ್ತಿದ. ಗುಂಡನ ಬಾಯಿಯಲ್ಲಿ ಮೇಲೆ ಎರಡು, ಕೆಳಗೆ ಎರಡು ಅಗಲ ಹಲ್ಲುಗಳಿದ್ದವು. ಮೇಲಿನವು ಗಿಣಿಯ ಕೊಕ್ಕಿನಂತೆ ಕೆಳಕ್ಕೆ ಬಾಗಿ ಬೆಳೆದಿದ್ದವು, ಕೆಳಗಿನವು ಮೇಲಕ್ಕೆ ಬಂದು ಅವಕ್ಕೆ ಅಡ್ಡ ನಿಂತಿದ್ದವು. ನಡುವೆ ಒಂದು ಎಳ್ಳು ಹೋಗುವಷ್ಟು ಸಂದಿಯೂ ಇರಲಿಲ್ಲ. ಮೀನಿಗೆ ಹಸಿವಿತ್ತು, ತುಟಿಗೆ ಸಿಕ್ಕಿದ್ದು ಹಲ್ಲು ದಾಟಿ ಒಳಗೆ ಹೋಗಲು ದಾರಿ ಇರಲಿಲ್ಲ.

ಇಷ್ಟು ದಿನ ಹುಳು, ನೀರು, ಉಪ್ಪು ಎಂದು ಒದ್ದಾಡಿದ್ದೇ ಹೊರತು ಬಾಯಿ ನೋಡಿರಲಿಲ್ಲ. ಡ್ರಾಯರ್ ಎಳೆದು ಸಣ್ಣ ತಂತಿ ಕತ್ತರಿಸುವ ಇಕ್ಕಳ ಹುಡುಕಿದ.

ಕತ್ತರಿಸಬೇಕಾದರೆ ಮೀನನ್ನು ಕೈಯಲ್ಲಿ ಹಿಡಿಯಬೇಕು. ಹುಟ್ಟಿದಾಗಿನಿಂದ ಅವನು ಮೀನು ಮುಟ್ಟಿದವನಲ್ಲ. ಗುಂಡನನ್ನೂ ಅಷ್ಟು ದಿನ ಬರಿಗೈಯಲ್ಲಿ ಮುಟ್ಟಿರಲಿಲ್ಲ. ಒದ್ದೆ ಪಂಚೆಯ ತುಂಡಿನಲ್ಲಿ ಸುತ್ತಿ ಎಡಗೈಯಲ್ಲಿ ಹಿಡಿದ. ಇಕ್ಕಳ ಬಾಯಿಯ ಹತ್ತಿರ ಬರುತ್ತಿದ್ದಂತೆ ಗುಂಡ ಉಬ್ಬಿ, ಬಟ್ಟೆಯಿಂದ ಜಾರಿ, ನೆಲಕ್ಕೆ ಬಿದ್ದು ಮೇಜಿನ ಕೆಳಗೆ ಉರುಳಿತು. ಅವನು ಮಂಡಿಯೂರಿ ಕೈ ಚಾಚಿದರೆ ಸಿಗದು. ಆ ಗದ್ದಲಕ್ಕೆ ಮಾದೇವಮ್ಮ ಹೊಸಲು ದಾಟಿ ಬಂದು, ಮೇಜನ್ನು ಒಂದು ಕಡೆ ಎತ್ತಿ ಹಿಡಿದಳು. ಧೂಳು ಮೆತ್ತಿದ ಮೀನನ್ನು ಅವನು ಬಾಚಿ ನೀರಿಗೆ ಹಾಕಿದ. ಮತ್ತೆ ಇಕ್ಕಳ ಎತ್ತಿಕೊಂಡ. ಕೂದಲೆಳೆಯಂಥ ಸ್ಪ್ರಿಂಗನ್ನು ಕೂರಿಸುವವನ ಕೈಯಿಂದ ಅದು ಜಾರಿ ಕೆಳಗೆ ಬಿತ್ತು.

"ಇತ್ತಾಗ್ ಕೊಡಿ, ನಾನು ಇಡ್ಕತೀನಿ. ಅತ್ತೆ ದೇವಸ್ಥಾನಕ್ಕೆ ಓಗವ್ರೆ, ಬಿರ್ ಬಿರ್ನೆ ಮಾಡಿ," ಎಂದಳು.

ಈ ಸಲ ಬೋಗುಣಿಯ ನೀರಿನೊಳಗೇ ಹಿಡಿದಳು, ಬಾಯಷ್ಟೇ ಮೇಲೆ ಬರುವ ಹಾಗೆ. ಕಣ್ಣು ಮುಚ್ಚಿಕೊಂಡಿದ್ದಳು. ಅವನು ಮೇಲಿನ ಹಲ್ಲಿನ ತುದಿಯನ್ನು ಚೂರು ಚೂರೇ ಕತ್ತರಿಸಿದ. ಕೆಳಗಿನ ಒಂದು ಹಲ್ಲು ಲೆಕ್ಕಕ್ಕಿಂತ ಹೆಚ್ಚು ಮುರಿದು ನೀರಿಗೆ ಒಂದೆಳೆ ರಕ್ತ ಬಂತು. ರಕ್ತ ಕಂಡು ಅವನು ಇಕ್ಕಳ ಕೆಳಗಿಟ್ಟ. ಆದರೆ ಬಾಯಿ ಬಿಡುಗಡೆಯಾಗಿತ್ತು.

ಇನ್ನು ತಿನ್ನುತ್ತದೆ ಎಂದುಕೊಂಡರೆ ಗುಂಡ ತಿನ್ನಲಿಲ್ಲ. ಈಗ ಹುಳುವಿನ ಹತ್ತಿರವೇ ಬರಲೊಲ್ಲದು. ನೋಯುತ್ತಿರಬಹುದೆಂದು ಕಾದ. ಮತ್ತೆರಡು ದಿನ ಕಾದ. ಹುಳು ಕಂಡರೆ ಮೂಲೆಗೆ ಸರಿಯುತ್ತಿತ್ತು. ಕಾಯಿಲೆ ತಿಳಿದು, ಅದಕ್ಕೆ ತಕ್ಕ ಕೆಲಸವನ್ನೂ ಮಾಡಿ, ಆದರೂ ನಡೆಯದ ಗಡಿಯಾರವನ್ನು ಅವನು ಕಂಡಿರಲಿಲ್ಲ. ಆ ವಾರ ಅಂಗಡಿಗೆ ಬಂದವರೆಲ್ಲ ಬೈಸಿಕೊಂಡು ಹೋದರು.

ಅಷ್ಟರಲ್ಲಿ ಮುತ್ತಯ್ಯನ ಲಾರಿ ಬಂತು. ಮೀನಿನ ಹಲ್ಲು ಕತ್ತರಿಸಿದ ಕಥೆ ಕೇಳಿ ಅವನು ಹೊಟ್ಟೆ ಹಿಡಿದು ನಕ್ಕ. ಬೆಂದ ರೇಷ್ಮೆ ಹುಳು ತಿನ್ನಿಸಿದರೆ ಹಲ್ಲು ಬೆಳೆಯದೆ ಇನ್ನೇನಾಗುತ್ತದೆ, ಅಲ್ಲಿ ಅದು ಇಡೀ ದಿನ ಚಿಪ್ಪು ಕಡಿಯುತ್ತದೆ, ಬಸವನಹುಳು, ಏಡಿಮರಿ, ಸಿಕ್ಕಿದ್ದೆಲ್ಲ ಕಟಕಟ ಎಂದು ಒಡೆದು ತಿಂದು ಹಲ್ಲು ಸವೆಸಿಕೊಳ್ಳುತ್ತದೆ, ಬೆಸ್ತರ ಬಲೆಯನ್ನೂ ಕಡಿಯುತ್ತದೆ ಎಂದ.

"ಮೊದ್ಲೇ ಯಾಕ್ಲಾ ಏಳ್ನಿಲ್ಲ?"

"ನೀ ಕೇಳ್ನಿಲ್ಲ ಕನ ನಂಜಣ್ಣ. ಉಪ್ಪಾಕು ಅಂದೆ, ಆಕ್ದೆ. ಊಟದ್ ಮಾತು ಬರ್ನೇ ಇಲ್ವಲ್ಲ."

ಶಿವನಂಜಯ್ಯನಿಗೆ ಎದುರಿಗಿದ್ದ ಗಡಿಯಾರವನ್ನು ಎತ್ತಿ ಅವನ ಮೇಲೆ ಎಸೆಯಬೇಕು ಅನ್ನಿಸಿತು. ಎದ್ದು ಒಳಗೆ ಹೋಗಿ ನೀರು ಕುಡಿದ.

ನೀರು ಕುಡಿಯುವಾಗಲೇ ಬೇರೊಂದು ಸಂಕಟ ಎದುರು ನಿಂತಿತು. ಬಸವನಹುಳು. ಮಳೆಗಾಲದಲ್ಲಿ ಅದು ಹಿತ್ತಿಲ ಗೋಡೆ ಹತ್ತಿದರೆ ಚನ್ನಾಜಮ್ಮ ಪೊರಕೆ ತಾಗಿಸದೆ, ಎಲೆಯ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು, ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಬಸವಣ್ಣನ ಹೆಸರಿನ ಹುಳು. ಚಿಕ್ಕವನಿದ್ದಾಗ ಶಿವನಂಜಯ್ಯ ಆಡುತ್ತ ಒಂದನ್ನು ತುಳಿದದ್ದಕ್ಕೆ ಅವನ ಕಿವಿ ಹಿಂಡಿದವಳು ಅವಳೇ. ಬೆಂದ ಹುಳುವಾದರೆ ಸತ್ತದ್ದು ಎನ್ನಬಹುದಿತ್ತು. ಇದನ್ನು ಜೀವಂತವಾಗಿ ತಂದು ಬಾಯಿಗೆ ಕೊಡಬೇಕು.

ಒಂದು ದಿನವೆಲ್ಲ ಹಿಂದೆ ಮುಂದೆ ನೋಡಿದ. ಗುಂಡ ತಳದಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡು ಮಲಗಿತ್ತು. ಮರುದಿನ ಬೆಳಿಗ್ಗೆ ಬೀಗ ಹಾಕಿ, ಬಟ್ಟೆ ಚೀಲ ಹಿಡಿದು ಯಳಂದೂರಿನ ಬಸ್ಸು ಹತ್ತಿದ. ಕೊಳ್ಳೇಗಾಲದ ಕೆರೆಗಳಲ್ಲೂ ಬಸವನಹುಳು ಬೇಕಾದಷ್ಟಿದ್ದವು. ಆದರೆ ಗಡಿಯಾರದ ಶಿವನಂಜಯ್ಯ ವಿಭೂತಿ ಹಚ್ಚಿಕೊಂಡು ಕೆರೆಯಲ್ಲಿ ಹುಳು ಆಯುತ್ತಿದ್ದ ಎಂಬ ಸುದ್ದಿ ಊಟದ ಹೊತ್ತಿಗೆ ಮನೆ ಮುಟ್ಟುತ್ತಿತ್ತು.

ಯಳಂದೂರಿನ ಆಚೆ ಗದ್ದೆ ಬಯಲಿನಲ್ಲಿ ಪಂಚೆ ಎತ್ತಿ ಕಟ್ಟಿ ಕಾಲುವೆಗೆ ಇಳಿದ. ಎಲ್ಲಿ ಹುಡುಕಬೇಕೆಂದು ತಿಳಿಯದೆ ಮೊಣಕಾಲವರೆಗೆ ಕೆಸರಾದ. ಚಪ್ಪಲಿ ಒಂದು ಕೆಸರಿನಲ್ಲೇ ಹೋಯಿತು. ಆ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಚಿಕ್ಕನಿಂಗಮ್ಮ ಎಂಬ ಹೆಂಗಸು ಸೊಂಟದ ಕುಕ್ಕೆಯಲ್ಲಿ ಬಸವನಹುಳು ಆಯ್ದಿಟ್ಟುಕೊಂಡಿದ್ದಳು, ಮನೆಯಲ್ಲಿ ಸಾರಿಗೆ. ಅವನ ಹಣೆಯ ವಿಭೂತಿ ನೋಡಿದಳು, ಕೆಸರು ನೋಡಿದಳು.

"ಯಾನ್ ಬುದ್ದಿ, ನೀವೂ ತಿನ್ನಕ್ ಸುರು ಮಾಡುದ್ರಾ?"

"ನಂಗಲ್ಲ ಕನವ್ವ. ಒಂದು ಮೀನ್‌ಗೆ."

ಅವಳು ನಂಬಿದಂತೆ ಕಾಣಲಿಲ್ಲ. ಆದರೂ ಸಾರಿಗೆ ಆಗದ ಗೋಲಿಯಂಥ ಸಣ್ಣವನ್ನೆಲ್ಲ ಬೇರೆ ಮಾಡಿ ಅವನ ಚೀಲಕ್ಕೆ ಸುರಿದಳು. ಯಾರಿಗೂ ಹೇಳುವುದಿಲ್ಲ ಎಂದು ಕೇಳದಿದ್ದರೂ ಮಾತು ಕೊಟ್ಟಳು. ಅದಕ್ಕೆ ಅವನಿಗೆ ಇನ್ನೂ ಹೆಚ್ಚು ನಾಚಿಕೆಯಾಯಿತು.

ವಾಪಸು ಬರುವ ಬಸ್ಸಿನಲ್ಲಿ ಚೀಲವನ್ನು ಕಾಲಿನ ಹತ್ತಿರ ಇಟ್ಟುಕೊಂಡು ಆಯಾಸಕ್ಕೆ ಕಣ್ಣು ಮುಚ್ಚಿದ. ಎಚ್ಚರವಾದದ್ದು ಮುಂದಿನ ಸೀಟಿನ ಹೆಂಗಸು ಸೆರಗು ಕೊಡವಿದಾಗ. ಚೀಲದ ಬಾಯಿ ಸಡಿಲವಾಗಿ ಬಸವನಹುಳುಗಳು ಸೀಟಿನ ಕಂಬಿ ಹತ್ತಿದ್ದವು. ಕಂಡಕ್ಟರು ಬಸ್ಸು ನಿಲ್ಲಿಸಿ, ಯಾರದಪ್ಪ ಇದು ಎಂದು ಕೇಳಿದರು. ಶಿವನಂಜಯ್ಯ ಎಲ್ಲರ ಎದುರು ಬಗ್ಗಿ ಒಂದೊಂದನ್ನೇ ಕಿತ್ತು ಚೀಲಕ್ಕೆ ಹಾಕಿಕೊಂಡ. ಸೆರಗು ಕೊಡವಿದ ಹೆಂಗಸು ಅವನ ಬೀದಿಯವರೇ ಆಗಿದ್ದರು.

ಅಂಗಡಿಗೆ ಬಂದು ಒಂದು ಹುಳುವನ್ನು ತೊಟ್ಟಿಗೆ ಹಾಕಿದ. ಅದು ತಳ ಮುಟ್ಟಿ, ಸ್ವಲ್ಪ ಹೊತ್ತಿಗೆ ತಲೆ ಹೊರಗೆ ಚಾಚಿ ಹರಿಯತೊಡಗಿತು. ವಾಲಿ ಮಲಗಿದ್ದ ಗುಂಡನ ಒಂದು ಕಣ್ಣು ಅತ್ತ ತಿರುಗಿತು. ಬಾಲ ಮಡಿಸಿಕೊಂಡು ಮೆಲ್ಲಗೆ ಮೇಲೆದ್ದು, ಹುಳುವಿನ ನೇರಕ್ಕೆ ಬಂದು ನಿಂತು, ಒಂದೇ ಏಟಿಗೆ ಕಡಿಯಿತು. ಗಾಜಿನ ಆಚೆಗೂ ಕಟಕ್ ಎಂದು ಕೇಳಿಸಿತು. ಚಿಪ್ಪಿನ ಚೂರು ಉಗುಳಿತು, ಮಾಂಸ ಉಗುಳಲಿಲ್ಲ. ಶಿವನಂಜಯ್ಯ ಇನ್ನೊಂದು ಹಾಕಿದ. ಅದೂ ಹೋಯಿತು. ಅವನಿಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಪ್ರತಿ ಕಟಕ್ ಸದ್ದಿಗೂ ಅವನ ಕೈ ತಾನಾಗಿ ಎದೆಯ ಲಿಂಗದ ಕಡೆ ಹೋಗುತ್ತಿತ್ತು.

ಚನ್ನಾಜಮ್ಮನಿಗೆ ಸುದ್ದಿ ಅದಾಗಲೇ ಮುಟ್ಟಿತ್ತು. ಅವಳು ಕೂಗಾಡಲಿಲ್ಲ. ಹೊಸಲಿನಲ್ಲಿ ಕೂತು, ಬೇರೆ ಏನನ್ನೂ ಅದು ತಿನ್ನುವುದಿಲ್ಲವೇ ಎಂದು ಕೇಳಿದಳು. ಎಲ್ಲ ನೋಡಿ ಆಯಿತು, ಇಲ್ಲ ಎಂದ.

"ಶಿವ ಅದುಕ್ ಅಂತಾ ಬಾಯ್ ಕೊಟ್ಟವ್ನೆ, ಅದು ತಿನ್ಲಿ. ನಿಂಗೆ ಕೊಟ್ಟಿಲ್ವಲ್ಲ. ನಿನ್ ಕೈಯಾರೆ ಯಾಕ್ ಆಕೀಯೆ ನಂಜ?"

ಹಾಗಾದರೆ ಸಾಯಲಿ ಅನ್ನುತ್ತೀಯಾ ಎಂದು ರೇಗಿದ. ಹಾಗೆಂದೂ ಅವಳು ಅನ್ನಲಿಲ್ಲ. ಎದ್ದು ಒಳಗೆ ಹೋದಳು. ಅಂದಿನಿಂದ ಮಗನ ಕೈಯಿಂದ ಪೂಜೆಯ ಹೂವು ತೆಗೆದುಕೊಳ್ಳುವುದನ್ನು ಬಿಟ್ಟಳು. ಬೇರೆಲ್ಲ ಎಂದಿನಂತೆ ನಡೆಯಿತು, ಹೂವು ಮಾತ್ರ ಸೊಸೆಯೇ ತರಬೇಕಾಯಿತು. ಇದು ಅವನನ್ನು ಮೀನಿನ ಉಪವಾಸಕ್ಕಿಂತ ಹೆಚ್ಚಾಗಿ ಕಾಡಿತು. ಬೈದಿದ್ದರೆ ಎದುರು ಬೈಯಬಹುದಿತ್ತು.

ಚೀಲದಲ್ಲಿದ್ದ ಹುಳುಗಳು ಮುಗಿಯುತ್ತ ಬಂದವು. ಇನ್ನೊಮ್ಮೆ ಯಳಂದೂರಿಗೆ ಹೋಗುವ ಧೈರ್ಯವಿರಲಿಲ್ಲ. ಹೋಗದಿದ್ದರೆ ಗುಂಡ ಮತ್ತೆ ಉಪವಾಸ. ಈ ಇಕ್ಕಟ್ಟಿನಲ್ಲಿ ಉಪಾಯ ಕಂಡವಳು ಮಾದೇವಮ್ಮ. ಬಟ್ಟೆ ಒಗೆಯಲು ಕೆರೆಗೆ ಹೋದವಳು ಒಂದು ಬಕೆಟ್ಟಿನ ತುಂಬ ಅಂತರಗಂಗೆ ತಂದು ಅವನ ಮುಂದಿಟ್ಟಳು. ನೀರಿನ ಮೇಲೆ ತೇಲುವ ಆ ಗಿಡದ ಬೇರಿನ ಜಡೆಯಲ್ಲಿ ಮೆಣಸಿನಕಾಳಿನಷ್ಟು, ಕಡಲೆಕಾಳಿನಷ್ಟು ಸಣ್ಣ ಬಸವನಹುಳುಗಳು ಕಚ್ಚಿಕೊಂಡಿದ್ದವು. ಅವನು ಗಿಡವನ್ನು ಹಾಗೇ ಎತ್ತಿ ತೊಟ್ಟಿಯ ನೀರಿನ ಮೇಲೆ ಬಿಟ್ಟ. ಗುಂಡ ಕೆಳಗಿನಿಂದ ಬಂದು ಬೇರುಗಳ ನಡುವೆ ಮೂತಿ ತೂರಿಸಿ, ತನಗೆ ಬೇಕಾದ್ದನ್ನು ತಾನೇ ಹುಡುಕಿಕೊಂಡಿತು.

ಸಂಜೆ ಚನ್ನಾಜಮ್ಮ ಹೊಸಲಿಗೆ ಬಂದು ಹಸಿರಾಗಿದ್ದ ತೊಟ್ಟಿಯನ್ನು ನೋಡಿದಳು. ಬೇರುಗಳ ನಡುವಿನಿಂದ ಸದ್ದು ಬರುತ್ತಿತ್ತು.

"ಅದ್ಯಾನ್ಲಾ ಆಕಿರದು?"

"ಗಿಡ ಕನವ್ವ."

"ಗಿಡ ತಾನೆ?"

"ಗಿಡವೇ. ನೀರು ತಣ್ಣಗಿರ್ಲಿ ಅಂತ."

ಅವಳು ಬಹಳ ಹೊತ್ತು ಅವನ ಮುಖ ನೋಡಿದಳು. ಅವನು ತಲೆ ಎತ್ತದೆ ಕೈಲಿದ್ದ ಗಡಿಯಾರದ ಹಲ್ಲಿನ ಚಕ್ರ ಉಜ್ಜುತ್ತಿದ್ದ. ತಾಯಿಗೆ ಸುಳ್ಳು ಹೇಳಿದ್ದು ಅವಳಿಗೆ ಗೊತ್ತಾಗಿದೆ ಎಂಬುದು ಅವನಿಗೂ ತಿಳಿದಿತ್ತು. ಬೆಳಗಾದರೆ ಪೂಜೆಗೆ ಹೂವು ನೀನೇ ತಾ ಎಂದು ಅವನಿಗೆ ಹೇಳಿ ಅವಳು ಒಳಗೆ ಹೋದಳು.

ಗುಂಡ ಆಮೇಲೆ ಊಟ ಬಿಡಲಿಲ್ಲ. ಅಂತರಗಂಗೆ ವಾರ ವಾರವೂ ಮಾದೇವಮ್ಮನ ಬಟ್ಟೆಯ ಬುಟ್ಟಿಯಲ್ಲಿ ಬರುತ್ತಿತ್ತು. ಅದನ್ನು ತೊಟ್ಟಿಗೆ ಬಿಡುವ ಹೊತ್ತಿಗೆ ಶಿವನಂಜಯ್ಯ ಮುಖ ಬೇರೆ ಕಡೆ ತಿರುಗಿಸಿ, ಬೇಡದ ಸಿಟ್ಟಿನಲ್ಲಿ ಯಾವುದಾದರೂ ಗಡಿಯಾರಕ್ಕೆ ಬೈಯುತ್ತಿದ್ದ. ಅಜ್ಜೀಪುರದ ರೈತರ ಮನೆಯನ್ನು ಹುಡುಕಿಕೊಂಡು ತಾನೇ ಹೋಗಿ, ಅವರ ಗೋಡೆ ಗಡಿಯಾರವನ್ನು ಅಲ್ಲೇ ಕೂತು ಜೋಡಿಸಿ ಬಂದ. ಅವರು ಮೀನು ಹೇಗಿದೆ ಎಂದು ಕೇಳಿದರು. ತಿನ್ನುತ್ತಿದೆ ಎಂದಷ್ಟೇ ಹೇಳಿ, ಕೊಟ್ಟ ಮಜ್ಜಿಗೆ ಕುಡಿದು, ಸಂಜೆಯ ಬಸ್ಸಿಗೆ ಎದ್ದ.